ಸಾಹೇಬನ ಹೊಸ ಲಾಯ

ಜನವರಿ 5, ರವಿವಾರ

ಮುಂಜಾನೆ ಆರು ಗಂಟೆಗೆ ಕುದುರೆಗಳು ಬಂದವು. ಆರೂ ಹತ್ತಕ್ಕೆ ಇವರ ಸೊಂಟದ ಮೂಳೆ ಮುರಿಯಿತು. ನಡುವಿನ ಹತ್ತು ನಿಮಿಷ ನಾವು ಗಂಡ ಹೆಂಡತಿ ಬೆಂಗಳೂರಿನಲ್ಲಿ ಸುಖವಾಗಿದ್ದೆವು ಎಂದು ಧಾರಾಳವಾಗಿ ಹೇಳಬಹುದು.

ಬಡ್ತಿ ಬಂದದ್ದು ನನಗೆ. ಡಿಸೆಂಬರಿನಲ್ಲಿ ಇಲ್ಲಿಯ ಒಂದು ಪದವಿಪೂರ್ವ ಕಾಲೇಜಿಗೆ ಪ್ರಾಂಶುಪಾಲೆಯಾಗಿ ಬಂದು, ಕೆಂಪಾಪುರದಲ್ಲಿ ಎರಡನೇ ಮಹಡಿಯ ಮನೆ ಹಿಡಿದೆ. ನಿವೃತ್ತ ಗಂಡನನ್ನು ಎರಡನೇ ಮಹಡಿಗೆ ಹತ್ತಿಸಬಹುದು. ಗಂಡನ ಕುದುರೆಗಳನ್ನು ಹತ್ತಿಸಲಾಗದು. ವಿಜಯಪುರದಲ್ಲಿ ಅವು ನಮ್ಮ ಹಿತ್ತಲಲ್ಲೇ ಇದ್ದವು. ಇವರ ತಂದೆ ಟಾಂಗಾ ಹೊಡೆಯುತ್ತಿದ್ದರು. ಇವರು ನೀರಾವರಿ ಇಲಾಖೆಯಲ್ಲಿ ಮೂವತ್ತು ವರ್ಷ ಫೈಲು ನೋಡಿದರೂ ಕುದುರೆಯ ಹುಚ್ಚು ಬಿಡಲಿಲ್ಲ. "ಅಲ್ಲೇ ಯಾರಿಗಾದ್ರೂ ಕೊಟ್ಟು ಬರ್ರಿ" ಎಂದು ಫೋನಿನಲ್ಲಿ ಹೇಳಿದೆ. ಎರಡು ದಿನ ನನ್ನ ಫೋನ್ ಎತ್ತಲಿಲ್ಲ. ಮೂರನೆಯ ದಿನ ಅವರೇ ಫೋನ್ ಮಾಡಿ, ಯಲಹಂಕದಾಚೆ ರಾಜಾನುಕುಂಟೆ ಕಡೆ ವನಿತಾ ಎನ್ನುವವರು ನಡೆಸುವ ಒಂದು ಲಾಯ ಹುಡುಕಿದ್ದೇನೆ ಎಂದರು. ಅದು ಕುದುರೆಗಳ ಹಾಸ್ಟೆಲ್ಲು. ಊರೊಳಗಿನ ಜನ ತಮ್ಮ ಕುದುರೆಗಳನ್ನು ಅಲ್ಲಿ ಬಿಟ್ಟಿರುತ್ತಾರೆ, ಬಿಡುವಾದಾಗ ಬಂದು ಸವಾರಿ ಮಾಡಿ ಹೋಗುತ್ತಾರೆ.

ಇವರು ರಾತ್ರಿಯಿಡೀ ಲಾರಿಯ ಹಿಂಭಾಗದಲ್ಲಿ ಕುದುರೆಗಳ ಜೊತೆಗೇ ಕೂತು ಬಂದಿದ್ದರು. ಲಾಯದ ಅಂಗಳದಲ್ಲಿ ಮೊದಲು ಸಾಹೇಬ ಇಳಿದ. ಬಿಳಿ ಬಣ್ಣ, ಇಪ್ಪತ್ತೆರಡು ವರ್ಷ, ನಿವೃತ್ತ ಜಿಲ್ಲಾಧಿಕಾರಿಯ ನಡಿಗೆ. ಆಮೇಲೆ ತಂಗೆವ್ವ. ಕಂದು ಹೆಣ್ಣುಕುದುರೆ, ಎಂಟು ವರ್ಷ. ಇಳಿದವಳೇ ಸ್ವಾಗತಕ್ಕೆ ನಿಂತಿದ್ದವರ ಟೋಪಿ ಕಚ್ಚಿ ಎಸೆದಳು. ಅದನ್ನು ನೋಡಿ ಹೆಮ್ಮೆಯಿಂದ ನಗುತ್ತ ಇವರು ಮೂರನೆಯವರಾಗಿ ಇಳಿದರು. ಇಳಿಜಾರು ಹಲಗೆ ಇಬ್ಬನಿಗೆ ಒದ್ದೆಯಾಗಿತ್ತು. ತಂಗೆವ್ವ ಬೇರೆ ಅದರ ಮೇಲೆ ಲದ್ದಿ ಹಾಕಿ ಇಳಿದಿದ್ದಳು.

ಆಸ್ಪತ್ರೆಯಲ್ಲಿ ಸ್ಟ್ರೆಚರಿನ ಮೇಲೆ ಮಲಗಿ ಇವರು ಕೇಳಿದ ಮೊದಲ ಮಾತು: "ಗಂಗಾ, ಸಾಹೇಬಗ ನೀರು ಕುಡಿಸಿದ್ರೇನ?"

ಮೂವತ್ತು ವರ್ಷದ ಸಂಸಾರ. ನಾನು ಬೆಳಗಿನಿಂದ ಒಂದು ಗುಟುಕು ಚಹಾ ಕುಡಿದಿರಲಿಲ್ಲ.

ಜನವರಿ 8, ಬುಧವಾರ

ಆಪರೇಶನ್ ಚೆನ್ನಾಗಿ ಆಯಿತು. ಎರಡು ತಿಂಗಳು ಮನೆಯಿಂದ ಆಚೆ ಕಾಲಿಡುವಂತಿಲ್ಲ ಎಂದು ಡಾಕ್ಟರು ಹೇಳಿದರು. ಇವರು ನನ್ನ ಮುಖ ನೋಡಿದರು. ನಾನು ಗೋಡೆಯ ಮೇಲಿನ ಕ್ಯಾಲೆಂಡರ್ ನೋಡಿದೆ.

ಸಂಜೆ ವನಿತಾ ಫೋನ್ ಮಾಡಿದ್ದರು. "ಮೇಡಮ್, ಶಿವಪ್ಪ ಸರ್ ಹೇಗಿದಾರೆ? ಸದ್ಯ, ಎಲ್ಲ ಸರಿಹೋಯ್ತಲ್ಲ. ಮೇಡಮ್, ನಿಮ್ಮ ಬಿಳಿ ಕುದ್ರೆ ಬಂದಾಗಿಂದ ಸರಿಯಾಗಿ ತಿಂತಾನೇ ಇಲ್ಲ. ಬ್ರೌನ್‌ದು ಚೆನ್ನಾಗಿ ತಿಂತಿದೆ. ಹುಲ್ಲು, ಬಕೆಟ್ಟು, ನಿನ್ನೆ ನಮ್ಮ ರೈಡರ್ ಒಬ್ಬರ ಜಡೆ. ಮನೆಯವರು ಯಾರಾದ್ರೂ ಬಂದು ಹೋಗ್ತಾ ಇದ್ರೆ ಬೇಗ ಹೊಂದ್ಕೊಳ್ತವೆ. ಫೆಬ್ರವರಿ ಹದಿನೈದರವರೆಗೂ ಟ್ರಯಲ್ ಅಂತ ಸರ್ ಜೊತೆ ಮಾತಾಗಿತ್ತು. ಅಷ್ಟರೊಳಗೆ ಹೊಂದ್ಕೊಳ್ಲಿಲ್ಲ ಅಂದ್ರೆ ನನಗೆ ಇಟ್ಕೊಳ್ಳೋದು ಕಷ್ಟ ಆಗುತ್ತೆ. ಬೇರೆ ಕುದ್ರೆಗಳೂ ಇವೆ ನೋಡಿ."

ಮನೆಯವರು ಎಂದರೆ ಈಗ ನಾನೊಬ್ಬಳೇ. ಮದುವೆಯಾದಾಗಿನಿಂದ ಕುದುರೆಗೂ ನನಗೂ ನಡುವೆ ಹತ್ತು ಅಡಿ ಅಂತರ ಇಟ್ಟುಕೊಂಡು ಬಂದಿದ್ದೇನೆ. ಅಂಜಿಕೆಯಲ್ಲ, ಶಿಸ್ತು.

ಜನವರಿ 11, ಶನಿವಾರ

ಕಾಲೇಜು ಮುಗಿಸಿ ಲಾಯಕ್ಕೆ ಹೋದೆ. ಅಲ್ಲಿ ಕುದುರೆಗಳನ್ನು ನೋಡಿಕೊಳ್ಳುವವನು ಪಿಳ್ಳಣ್ಣ. ಅದೇ ಊರಿನವನು, ನನಗಿಂತ ಹತ್ತು ವರ್ಷ ದೊಡ್ಡವನು. ಲಾಯ ನಿಂತಿರುವ ಜಾಗದಲ್ಲಿ ಹಿಂದೆ ತನ್ನ ಚಿಕ್ಕಪ್ಪನ ರಾಗಿ ಹೊಲ ಇತ್ತಂತೆ.

"ಅಲ್ಲೇ ಯಾಕ್ ನಿಂತ್ಕಂಡ್ರಿ ಮೇಡಮ್? ಅತ್ರ ಬನ್ನಿ. ಏನೂ ಮಾಡಾಕಿಲ್ಲ."

"ಇಲ್ಲಿಂದ ಚೆನ್ನಾಗಿ ಕಾಣಿಸ್ತದ" ಎಂದೆ.

ಸಾಹೇಬ ಮೂಲೆಗೆ ಮುಖ ಮಾಡಿ ನಿಂತಿದ್ದ. ಮುಂದೆ ಹುಲ್ಲು ಹಾಗೇ ಇತ್ತು, ಬಕೆಟ್ಟಿನಲ್ಲಿ ನೆನೆಸಿದ ಹುರುಳಿ ಹಾಗೇ ಇತ್ತು. ಪಕ್ಕೆಯ ಎಲುಬು ಎಣಿಸಬಹುದು. ವಿಡಿಯೋ ಕರೆ ಮಾಡಿ ತೋರಿಸಲೇಬೇಕು ಎಂದು ಇವರ ಆಜ್ಞೆಯಾಗಿತ್ತು. ಹತ್ತು ಅಡಿ ಬಿಡಲು ನನಗೆ ಮನಸ್ಸಿರಲಿಲ್ಲ. ಆದ್ದರಿಂದ ಉತ್ತರಪತ್ರಿಕೆಯ ಕಟ್ಟಿನ ದಾರ ಬಿಚ್ಚಿ ಫೋನನ್ನು ಕೊಡೆಯ ತುದಿಗೆ ಕಟ್ಟಿ ಚಾಚಿದೆ. ಪಿಳ್ಳಣ್ಣ ಬಾಯಿಗೆ ಟವೆಲ್ಲು ಅಡ್ಡ ಹಿಡಿದುಕೊಂಡು ಆಚೆ ಹೋದ.

"ಸಾಹೇಬಾ! ಏ ಸಾಹೇಬಾ! ಇಲ್ಲಿ ನೋಡೋ, ನಾನೋ!" ಇವರು ಹಾಸಿಗೆಯಿಂದ ಕೂಗಿದರು. ಅಕ್ಕಪಕ್ಕದ ಕುದುರೆಗಳೆಲ್ಲ ಕಿವಿ ನಿಗುರಿಸಿ ನೋಡಿದವು. ಸಾಹೇಬ ಕತ್ತು ಹೊರಳಿಸಲಿಲ್ಲ.

"ಸಿಟ್ಟಾಗ್ಯಾನ" ಎಂದರು ಇವರು. ಆಮೇಲೆ ಫೋನನ್ನು ದಿಂಬಿನ ಮೇಲೆ ಇಟ್ಟಿರಬೇಕು. ನನಗೆ ಫ್ಯಾನು ಮಾತ್ರ ಕಾಣಿಸಿತು. ಬಹಳ ಹೊತ್ತು ಕಾಣಿಸಿತು.

ಜನವರಿ 13, ಸೋಮವಾರ

ಪಶುವೈದ್ಯರು ಬಂದು ನೋಡಿದರು. ಹಲ್ಲು ಸರಿಯಿದೆ, ಹೊಟ್ಟೆ ಸರಿಯಿದೆ, ಜ್ವರ ಇಲ್ಲ. ಜಾಗ ಬದಲಾದದ್ದಕ್ಕೆ ಹೀಗಾಗಿದೆ, ಈ ವಯಸ್ಸಿನಲ್ಲಿ ಇನ್ನೊಂದು ವಾರ ಹೀಗೇ ನಡೆದರೆ ಆಮೇಲೆ ನಮ್ಮ ಕೈಯಲ್ಲಿಲ್ಲ ಎಂದರು. ಇವರಿಗೆ "ಡಾಕ್ಟರ್ ಆರಾಮ ಅದಾನ ಅಂದ್ರು" ಎಂದು ಹೇಳಿದೆ. ಪ್ರಾಂಶುಪಾಲೆಯಾದ ಮೇಲೆ ಹೇಳಿದ ಮೊದಲ ಸುಳ್ಳು. ದೊಡ್ಡ ಸುಳ್ಳುಗಳಲ್ಲಿ ಮೊದಲನೆಯದು ಎಂದು ತಿದ್ದುತ್ತೇನೆ.

ಜನವರಿ 14, ಮಂಗಳವಾರ

ಸಂಕ್ರಮಣ. ರಜೆ. ಇವರಿಗೆ ಊಟ ಮಾಡಿಸಿ, ಇವರನ್ನು ನೋಡಿಕೊಳ್ಳಲು ಬರುವ ರತ್ನಕ್ಕನಿಗೆ ಕುಸುರೆಳ್ಳು ಕೊಟ್ಟು, ನನ್ನ ಪಾಲಿನ ಸಜ್ಜೆ ರೊಟ್ಟಿಯನ್ನು ಡಬ್ಬಿಗೆ ಹಾಕಿಕೊಂಡು ಲಾಯಕ್ಕೆ ಹೋದೆ. ಪೂರ್ವಸಿದ್ಧತಾ ಪರೀಕ್ಷೆಯ ಉತ್ತರಪತ್ರಿಕೆಗಳೂ ಜೊತೆಗಿದ್ದವು. ಪ್ರಾಂಶುಪಾಲೆಯಾದರೂ ಕನ್ನಡ ಪಾಠ ಬಿಟ್ಟಿಲ್ಲ.

ಪಿಳ್ಳಣ್ಣ ಹಬ್ಬಕ್ಕೆ ಮನೆಗೆ ಹೋಗಿದ್ದ. ಸಾಹೇಬನ ಎದುರಿಗೆ ಬಕೆಟ್ ಬೋರಲು ಹಾಕಿ ಕೂತೆ. ಆರು ಅಡಿ. ಅಲ್ಲಿ ಮಾತ್ರ ನೆರಳಿತ್ತು. ಒಂದು ಕೈಯಲ್ಲಿ ರೊಟ್ಟಿ, ಇನ್ನೊಂದು ಕೈಯಲ್ಲಿ ಕೆಂಪು ಪೆನ್ನು. ಲೋಪಸಂಧಿಗೆ ಒಂದು ಉದಾಹರಣೆ ಕೊಡಿ ಎಂಬ ಪ್ರಶ್ನೆಗೆ ಒಬ್ಬ ಮಹಾಶಯ "ನಮ್ಮ ಬೀದಿಯ ಡಾಂಬರು" ಎಂದು ಬರೆದಿದ್ದ. ಗಟ್ಟಿಯಾಗಿ ಓದಿ, ನನ್ನಷ್ಟಕ್ಕೆ ಹೇಳಿಕೊಂಡೆ: "ಲೋಪವೂ ಇದೆ, ಸಂದಿಯೂ ಇದೆ. ಅರ್ಧ ಅಂಕ ಕೊಡೋಣೇನು?"

ಕಟರ್ ಕಟರ್ ಎಂದು ಸದ್ದಾಯಿತು. ನೋಡಿದರೆ ಸಾಹೇಬ ಹುಲ್ಲು ತಿನ್ನುತ್ತಿದ್ದಾನೆ!

ನಾನು ಉಸಿರು ಬಿಗಿಹಿಡಿದೆ. ರೊಟ್ಟಿ ಕೆಳಗಿಟ್ಟೆ. ಅವನು ನಿಲ್ಲಿಸಿದ. ಇನ್ನೊಂದು ಪತ್ರಿಕೆ ತೆಗೆದು ಓದುತ್ತ ರೊಟ್ಟಿ ಮುರಿದೆ. ಅವನು ಮತ್ತೆ ಶುರುಮಾಡಿದ. ಹೀಗೆ ಹನ್ನೊಂದು ಪತ್ರಿಕೆ ಓದಿದೆ. ಹುರುಳಿಯ ಬಕೆಟ್ಟು ಮುಕ್ಕಾಲು ಖಾಲಿ. ಮೂವತ್ತು ವರ್ಷದ ಅಧ್ಯಾಪನದಲ್ಲಿ ಸಂಧಿ ಪ್ರಕರಣವನ್ನು ಇಷ್ಟು ಆಸಕ್ತಿಯಿಂದ ಕೇಳಿದ ಇನ್ನೊಬ್ಬ ವಿದ್ಯಾರ್ಥಿಯಿಲ್ಲ.

ಮನೆಗೆ ಬಂದು ಹೇಳಿದೆ. ಇವರು ಎದ್ದು ಕೂರಲು ಹೋಗಿ ರತ್ನಕ್ಕನಿಂದ ಬೈಸಿಕೊಂಡರು.

"ಅಂವ ಒಬ್ಬನ ಉಣ್ಣಾಂವ ಅಲ್ಲ, ಗಂಗಾ. ಅಲ್ಲಿ ನಾ ನನ್ನ ತಾಟು ಅವನ ಮುಂದನ ಒಯ್ದು ಉಣ್ತಿದ್ದೆ. ಏನರೆ ಮಾತಾಡಕೋತ ಉಣ್ತಿದ್ದೆ."

ದಿನಾ ತಾಟು ಹಿಡಿದು ಹಿತ್ತಲಿಗೆ ಹೋಗುತ್ತಿದ್ದುದು ಅದಕ್ಕಂತೆ. ನನ್ನ ಸಾರಿನ ರುಚಿ ಹಿಡಿಸುವುದಿಲ್ಲ ಎಂದು ನಾನು ಇಷ್ಟು ವರ್ಷ ತಿಳಿದಿದ್ದೆ. ಒಂದು ಮಾತು ಹೇಳಿದ್ದರೆ ಏನಾಗುತ್ತಿತ್ತು?

ನಾನೂ ಕೇಳಿರಲಿಲ್ಲ, ನಿಜ.

ಜನವರಿ 21, ಮಂಗಳವಾರ

ಹೊಸ ವೇಳಾಪಟ್ಟಿ. ಐದಕ್ಕೆ ಏಳುವುದು, ಇವರ ತಿಂಡಿ ಮಾಡಿಟ್ಟು ನನ್ನದನ್ನು ಡಬ್ಬಿಗೆ ಹಾಕಿಕೊಳ್ಳುವುದು, ಖಾದರ್ ಬಾಷಾನ ಆಟೋದಲ್ಲಿ ಲಾಯ, ಸಾಹೇಬನ ಜೊತೆ ಉಪಾಹಾರ ಮತ್ತು ವ್ಯಾಕರಣ, ಒಂಬತ್ತೂವರೆಗೆ ಕಾಲೇಜು. ಇವತ್ತು ಆಗಮಸಂಧಿ ಮುಗಿಯಿತು. ಆದೇಶಸಂಧಿಗೆ ಸಾಹೇಬ ಒಮ್ಮೆ ತಲೆ ಕೊಡವಿದ. ಅದು ನೊಣಕ್ಕೆ ಇರಬಹುದು.

ಖಾದರ್ ಬಾಷಾ ಮೂರು ದಿನದಿಂದ ಏನೋ ಕೇಳಬೇಕೆಂದು ಒದ್ದಾಡುತ್ತಿದ್ದ. ಇವತ್ತು ಹೆಬ್ಬಾಳದ ಸಿಗ್ನಲ್ಲಿನಲ್ಲಿ ಕೇಳಿಯೇಬಿಟ್ಟ. "ಮೇಡಮ್, ತಪ್ಪು ತಿಳ್ಕೋಬೇಡಿ. ತಾವು ಏನ್ ಕೆಲ್ಸ ಮಾಡೋದು?"

"ಕಾಲೇಜಿನಲ್ಲಿ ಪ್ರಿನ್ಸಿಪಾಲ್."

ಕನ್ನಡಿಯಲ್ಲಿ ನನ್ನನ್ನು ನೋಡಿದ. ಗಾಳಿ ಮೂಸಿದ. "ಆಯ್ತು ಮೇಡಮ್" ಎಂದ. ನಂಬಲಿಲ್ಲ ಎಂದು ಸ್ಪಷ್ಟವಾಗಿತ್ತು.

ಜನವರಿ 26, ರವಿವಾರ

ಧ್ವಜಾರೋಹಣಕ್ಕೆ ಮೊದಲು ಲಾಯಕ್ಕೆ ಹೋಗಬಾರದಿತ್ತು. ಅದೂ ಇಳಕಲ್ ಸೀರೆ ಉಟ್ಟುಕೊಂಡು.

ಸಾಹೇಬನ ಮೈ ತಿಕ್ಕುತ್ತಿದ್ದೆ. (ಪಿಳ್ಳಣ್ಣನಿಗೆ ಕೈನೋವು. ಬೇರೆ ಯಾರೂ ಇರಲಿಲ್ಲ.) ಹಿಂದಿನಿಂದ ಪರ್ರ್ ಎಂದಿತು. ತಂಗೆವ್ವ ನನ್ನ ಸೆರಗಿನ ತುದಿಯನ್ನು ಬಾಯಲ್ಲಿಟ್ಟುಕೊಂಡು, ಪರೀಕ್ಷೆಯಲ್ಲಿ ಚೀಟಿಯೊಡನೆ ಸಿಕ್ಕಿಬಿದ್ದ ಹುಡುಗಿಯ ಹಾಗೆ ಆಕಾಶ ನೋಡುತ್ತಿದ್ದಳು.

"ತಂಗೆವ್ವಾ! ಬಾಯಿ ತಗಿ! ಹಿಂದಕ ಸರಿ! ನೆಟ್ಟಗ ನಿಂದ್ರು!"

ಬಾಯಿ ತೆಗೆದಳು. ಹಿಂದೆ ಸರಿದಳು. ನೆಟ್ಟಗೆ ನಿಂತಳು. ಆಚೆ ಸವಾರಿ ಕಲಿಯುತ್ತಿದ್ದ ನಾಲ್ವರೂ ನೆಟ್ಟಗೆ ಕೂತರು. ವನಿತಾ ಕಾಫಿ ಲೋಟ ಹಿಡಿದು ಬಂದು ಹೇಳಿದರು: "ಮೇಡಮ್, ಇದೇ ವಾಯ್ಸ್ ನಾನು ಮೂರು ವಾರದಿಂದ ಟ್ರೈ ಮಾಡ್ತಾ ಇದೀನಿ."

"ಇದು ಟ್ರೈ ಮಾಡಿದ್ರೆ ಬರೂದಿಲ್ಲ, ಸರ್ವೀಸಿನಿಂದ ಬರ್ತದ" ಎಂದೆ.

ಹರಿದ ಸೆರಗನ್ನು ಒಳಗೆ ಮಡಚಿ ಪಿನ್ ಹಾಕಿಕೊಂಡು ಧ್ವಜ ಹಾರಿಸಿದೆ. ಭಾಷಣದ ನಡುವೆ ನನ್ನ ತಲೆಯಿಂದ ಒಂದು ಹುಲ್ಲುಕಡ್ಡಿ ಮೈಕಿನ ಮೇಲೆ ಬಿತ್ತು. ಮಕ್ಕಳು ಚಪ್ಪಾಳೆ ತಟ್ಟಿದರು.

ಜನವರಿ 30, ಗುರುವಾರ

ಕೆಮ್ಮು, ಜ್ವರ. ಲಾಯಕ್ಕೆ ಹೋಗಲಿಲ್ಲ. ಸಾಹೇಬ ಉಂಡನೋ ಇಲ್ಲವೋ ಎಂದು ಪಿಳ್ಳಣ್ಣನಿಗೆ ನಾಲ್ಕು ಸಲ ಫೋನ್ ಮಾಡಿದೆ. ಪಿಳ್ಳಣ್ಣ ತನ್ನ ಮುದ್ದೆಯ ತಟ್ಟೆ ಅವನ ಮುಂದೆ ಇಟ್ಟುಕೊಂಡು ಕೂತನಂತೆ. ಸಾಹೇಬ ಅರ್ಧ ತಿಂದನಂತೆ. ಇವರು ತಿಂದರೋ ಎಂದು ಕೇಳಲು ಮರೆತೆ. ಪಕ್ಕದ ಕೋಣೆಯಲ್ಲೇ ಇದ್ದರು.

ಫೆಬ್ರವರಿ 5, ಬುಧವಾರ

ಯಲಹಂಕದ ವಾಯುನೆಲೆಯಲ್ಲಿ ಬರುವ ವಾರ ವಿಮಾನ ಪ್ರದರ್ಶನ. ಇವತ್ತಿನಿಂದ ತಾಲೀಮು. ಹತ್ತು ಗಂಟೆಗೆ ಕಾಲೇಜಿನ ಮೇಲೆ ಯುದ್ಧವಿಮಾನ ಹೋದಾಗ ಕಿಟಕಿಯ ಗಾಜು ನಡುಗಿತು. ನನಗೆ ಲಾಯದ ಚಿಂತೆ ಹತ್ತಿತು.

ವನಿತಾ ಹೇಳಿದ ಸುದ್ದಿ: ಅಲ್ಲಿರುವ ಹಳೆಯ ಕುದುರೆಗಳಿಗೆ ಸ್ವಲ್ಪ ರೂಢಿಯಿದೆ. ಈ ವರ್ಷ ಬಂದ ಹೊಸ ಕುದುರೆಗಳು ಹೆದರಿ ಬಾಗಿಲು ಒದೆಯುತ್ತಿವೆ, ಅದರಿಂದ ಹಳೆಯವೂ ಕೆಡುತ್ತಿವೆ. ಎಲ್ಲಕ್ಕಿಂತ ಹೆಚ್ಚು ಕೆಟ್ಟವಳು ತಂಗೆವ್ವ. ಬೇಲಿಯ ಅಡ್ಡಮರ ಮುರಿದಿದ್ದಾಳೆ. "ಸಾರಿ ಮೇಡಮ್, ಹದಿನೈದಕ್ಕೆ ನಾವು ಕೂತು ಮಾತಾಡ್ಬೇಕು" ಎಂದರು. ಮೃದುವಾಗಿಯೇ ಅಂದರು. ಪಾಲಕರನ್ನು ಕರೆಸಿ ಇದೇ ಧಾಟಿಯಲ್ಲಿ ನಾನು ಎಷ್ಟು ಸಲ ಮಾತಾಡಿಲ್ಲ! ಆ ಕಡೆಯ ಕುರ್ಚಿಯಲ್ಲಿ ಕೂತದ್ದು ಇದೇ ಮೊದಲು.

ಫೆಬ್ರವರಿ 8, ಶನಿವಾರ

ಮೊಣಕೈ ತರಚಿದೆ, ಬಲಗಾಲಿನ ಚಪ್ಪಲಿ ಕಳೆದಿದೆ, ದ್ವಿತೀಯ ಪಿಯುಸಿಯ ಒಂದು ಕಟ್ಟು ಉತ್ತರಪತ್ರಿಕೆ ನೀರಿನ ತೊಟ್ಟಿಗೆ ಬಿತ್ತು. ಒಣಗಿಸಲು ಮನೆಯ ತುಂಬ ಹರವಿದ್ದೇನೆ. ಇವರ ಹೊಟ್ಟೆಯ ಮೇಲೂ ಎಂಟು ಇವೆ. ನಡೆದದ್ದನ್ನು ಕ್ರಮವಾಗಿ ಬರೆಯುತ್ತೇನೆ.

ತಾಲೀಮು ಹತ್ತರ ಮೇಲೆ ಎಂದುಕೊಂಡು ಎಂಟು ಗಂಟೆಗೆ ಎಲ್ಲ ಕುದುರೆಗಳನ್ನೂ ಬಯಲಿಗೆ ಬಿಟ್ಟಿದ್ದರು. ಒಂಬತ್ತು ಕುದುರೆ, ಸಾಹೇಬ ತಂಗೆವ್ವ ಸೇರಿ. ಎಂಟೂವರೆಗೇ ವಿಮಾನ ಬಂತು. ಒಂದಲ್ಲ, ಮೂರು, ತೆಂಗಿನಮರದ ಮೇಲೇ ಬಂದಂತಿತ್ತು. ಸದ್ದು ಕಿವಿಗಿಂತ ಮೊದಲು ಎದೆಗೆ ಬಡಿಯಿತು.

ಎಂಟು ಕುದುರೆಗಳು ಒಮ್ಮೆಲೇ ಓಡತೊಡಗಿದವು. ತಂಗೆವ್ವ ಎಲ್ಲರಿಗಿಂತ ಮುಂದೆ, ಕತ್ತಿನ ಹಗ್ಗ ಹಿಂದೆ ಎಳೆದಾಡುತ್ತಿತ್ತು. ಬೇಲಿಯ ಮುರಿದ ಕಡೆಗೆ ಒಂದು ಹಗ್ಗ ಮಾತ್ರ ಅಡ್ಡ ಕಟ್ಟಿದ್ದರು. ಅದರಾಚೆ ರಸ್ತೆ, ರಸ್ತೆಯಲ್ಲಿ ಜಲ್ಲಿ ತುಂಬಿದ ಲಾರಿಗಳು. ವನಿತಾ "ಗೇಟ್! ಗೇಟ್!" ಎಂದು ಕೂಗುತ್ತ ಆ ಕಡೆ ಓಡಿದರು. ಪಿಳ್ಳಣ್ಣ ಮುರಿದ ಬೇಲಿಗೆ ಅಡ್ಡಲಾಗಿ ಕೈ ಚಾಚಿ ನಿಂತ. ಒಬ್ಬ ಮುದುಕ, ಎಂಟು ಕುದುರೆ.

ನಡುಬಯಲಿನಲ್ಲಿ ಸಾಹೇಬ ನಿಂತಿದ್ದ. ಹುಲ್ಲು ಮೇಯುತ್ತಿದ್ದ. ಕಿವಿ ಕೂಡ ಅಲ್ಲಾಡಿಸಲಿಲ್ಲ.

ಆಗ ಪಿಳ್ಳಣ್ಣ ಅಲ್ಲಿಂದಲೇ ಕೂಗಿದ: "ಮೇಡಮ್! ಸಾಹೇಬ್ರಿಗೆ ಕಿವಿ ಕೇಳಾಕಿಲ್ಲ! ಅವ್ರು ಎದ್ರಿಲ್ಲ, ನೋಡಿ! ಅವ್ರುನ್ನ ಇಡ್ಕೊಂಡ್ ಬನ್ನಿ ಇತ್ಲಾಗೆ! ಮಿಕ್ಕವು ಅವ್ರ ಇಂದೆ ಬತ್ತವೆ!"

ಕಿವುಡ! ಅದನ್ನು ವಿಚಾರ ಮಾಡಲು ಹೊತ್ತಿರಲಿಲ್ಲ. ಕೈಯಲ್ಲಿದ್ದ ಉತ್ತರಪತ್ರಿಕೆಯ ಕಟ್ಟನ್ನು ಎತ್ತಲೋ ಬಿಸಾಡಿ, ಬೇಲಿಗೆ ಮೊಣಕೈ ತರಚಿಸಿಕೊಂಡು ಬಯಲಿನೊಳಗೆ ಓಡಿದೆ, ಚಪ್ಪಲಿ ಎಲ್ಲೋ ಹೋಯಿತು. ಸಾಹೇಬನ ಮುಖದ ಪಟ್ಟಿ ಹಿಡಿದೆ. ತಲೆಯೆತ್ತಿ ನನ್ನನ್ನು ನೋಡಿದ. ಇವತ್ತು ತಿಂಡಿಗೆ ಯಾಕೆ ತಡ ಎಂಬಂತೆ ನೋಡಿದ. ನಡೆಸಿಕೊಂಡು ಮುರಿದ ಬೇಲಿಯ ಮುಂದೆ ತಂದು ನಿಲ್ಲಿಸಿದೆ. ಎರಡನೆಯ ಸಲ ವಿಮಾನಗಳು ಬಂದವು. ಸಾಹೇಬ ಆಕಳಿಸಿದ.

ಓಡಿ ಬಂದ ತಂಗೆವ್ವ ನಮ್ಮನ್ನು ನೋಡಿ ತಡೆದಳು. ಮೈಯೆಲ್ಲ ಬೆವರು, ಕಣ್ಣಿನ ಬಿಳಿ ಕಾಣುತ್ತಿತ್ತು. "ಬಾ ಇಲ್ಲಿ" ಎಂದೆ. ಬೈಯಲಿಲ್ಲ, ಸುಮ್ಮನೆ ಕರೆದೆ. ಬಂದು ಸಾಹೇಬನ ಪಕ್ಕೆಗೆ ಅಂಟಿ ನಿಂತಳು. ಅವಳ ಹಿಂದೆ ಒಂದು ಕರಿ ಕುದುರೆ. ಅದರ ಹಿಂದೆ ಇನ್ನೆರಡು. ಮೂರನೆಯ ಸಲ ವಿಮಾನ ಬರುವ ಹೊತ್ತಿಗೆ ಎಲ್ಲವೂ ನಮ್ಮ ಸುತ್ತ ಗುಂಪಾಗಿದ್ದವು. ನನ್ನ ಬಲಭುಜದ ಮೇಲೆ ಯಾರದೋ ಮೂತಿ, ಎಡಗೈಯಲ್ಲಿ ತಂಗೆವ್ವನ ಹಗ್ಗ. ಬಿಸಿ ಉಸಿರು, ಬೆವರಿನ ವಾಸನೆ. ಚಳಿಗಾಲದ ಬೆಳಿಗ್ಗೆ ಹಿತವಾಗಿತ್ತು.

ಗಲಾಟೆ ಅಡಗಿದ ಮೇಲೆ ಪಿಳ್ಳಣ್ಣ ಸಾಹೇಬನ ಬೆನ್ನಹಿಂದೆ ನಿಂತು ಖಾಲಿ ಡಬ್ಬ ಬಡಿದು ತೋರಿಸಿದ. ಏನೂ ಇಲ್ಲ. ಮಧ್ಯಾಹ್ನ ಪಶುವೈದ್ಯರೂ ಬಂದು ನೋಡಿ ಹೌದೆಂದರು. ಐದಾರು ವರ್ಷದ ಹಿಂದೆಯೇ ಪೂರ್ತಿ ಹೋಗಿರಬೇಕಂತೆ.

ಹಾಗಾದರೆ ನನ್ನ ಲೋಪ, ಆಗಮ, ಆದೇಶ ಎಲ್ಲ ದಂಡ. ಒಬ್ಬ ವಿದ್ಯಾರ್ಥಿ ಸಿಕ್ಕಿದ್ದ; ಅವನೂ ಕಿವುಡ.

ಪರವಾಗಿಲ್ಲ. ಸಮಾಸ ನಾಳೆಯಿಂದ ಶುರುಮಾಡುತ್ತೇನೆ. ಅರ್ಧಕ್ಕೆ ಬಿಡುವುದು ನನ್ನ ಪದ್ಧತಿಯಲ್ಲ.

ಫೆಬ್ರವರಿ 10, ಸೋಮವಾರ

ಇವರಿಗೆ ಕಿವಿಯ ವಿಷಯ ಹೇಳಿಲ್ಲ. ದಿನವೂ ಫೋನಿನಲ್ಲಿ "ಸಾಹೇಬಾ" ಎಂದು ಕರೆಯುವಾಗ ಮುಖ ಅರಳುತ್ತದೆ. ಹೇಗೆ ಹೇಳಲಿ?

ಇವತ್ತು ವಿಡಿಯೋ ಕರೆಯಲ್ಲಿ, "ಗಂಗಾ, ಫೋನು ಅವನ ಕಿವಿಗೆ ಹಿಡಿ. ನೀ ಆ ಕಡೆ ಮಾರಿ ಮಾಡು. ನಮ್ಮಿಬ್ಬರದು ಮಾತೈತಿ" ಎಂದರು. ಆ ಕಡೆ ಮುಖ ಮಾಡಿದೆ. ಮುಖ ತಿರುಗಿಸಿದರೆ ಕಿವಿಯೂ ಮುಚ್ಚುತ್ತದೆ ಎಂದು ಇವರ ತಿಳುವಳಿಕೆ. ಫೋನ್ ದೊಡ್ಡ ದನಿಯಲ್ಲಿತ್ತು.

"ಸಾಹೇಬಾ, ನಿನಗೊಬ್ಬಗ ಹೇಳ್ತೀನಿ. ಆವತ್ತ ಆಪರೇಶನ್‌ಗೆ ಒಳಗ ಒಯ್ಯುವಾಗ ನನಗ ಭಾಳ ಅಂಜಿಕಿ ಆಗಿತ್ತು. ಎದ್ದು ಬರ್ತೀನೋ ಇಲ್ಲೋ ಅಂತ. ಆಕಿ ಹೊರಗ ಕುಂತಿದ್ಲು. ಕೈ ಹಿಡಿ ಅನ್ಬೇಕಂತ ಬಾಯಿಗೆ ಬಂದಿತ್ತು, ಅನ್ಲಿಲ್ಲ. ಈಗ ದಿನಾ ಮುಂಜಾನಿ ಆಕಿ ಬಾಗಲಾ ಎಳಕೊಂಡು ಹೋದಮ್ಯಾಲ ಮನಿ ಖಾಲಿ ಖಾಲಿ ಅನಸ್ತೈತಿ. ನೀವಿಬ್ರೂ ಅಲ್ಲಿ ಕೂಡಿ ಉಣ್ತೀರಿ, ನಾ ಇಲ್ಲಿ ಒಬ್ಬನ ಉಣ್ತೀನಿ. ಇದೆಲ್ಲಾ ಆಕಿಗೆ ಹೇಳಬ್ಯಾಡ ಮತ್ತ."

ಸಾಹೇಬ ಹುರುಳಿ ಅಗಿಯುತ್ತಿದ್ದ. ತಂಗೆವ್ವ ನನ್ನನ್ನೇ ನೋಡುತ್ತಿದ್ದಳು. ಅವಳಿಗೆ ಕಿವಿ ಚೆನ್ನಾಗಿ ಕೇಳುತ್ತದೆ.

ಲಾಯದಲ್ಲಿ ಧೂಳು ಬಹಳ. ಕಣ್ಣಿಗೆ ಹೋಗುತ್ತದೆ.

ಫೆಬ್ರವರಿ 11, ಮಂಗಳವಾರ

ನನ್ನ ಡಬ್ಬಿಗೆ ಎರಡು ಇಡ್ಲಿ ಮಾತ್ರ ಹಾಕಿಕೊಂಡು ಹೋದೆ. ಉಳಿದ ತಿಂಡಿಯನ್ನು ವಾಪಸು ಬಂದು ಇವರ ಜೊತೆ ಮಾಡಿ ಕಾಲೇಜಿಗೆ ಹೊರಟೆ. ಎರಡು ಸಲ ತಿಂದು ಹೊಟ್ಟೆ ಭಾರ. ಕಾಲೇಜಿಗೆ ಹತ್ತು ನಿಮಿಷ ತಡ. ಹಾಜರಿ ಪುಸ್ತಕದಲ್ಲಿ ನನ್ನ ಹೆಸರಿನ ಮುಂದೆ ನಾನೇ ಕೆಂಪು ಗೆರೆ ಎಳೆದುಕೊಂಡೆ.

ತಿನ್ನುತ್ತ ಇವರು ಕೇಳಿದರು: "ನಿನ್ನೆ ಸಾಹೇಬ ಏನಂದ?"

"ಹೊರಗ ಕುಂತಾಗ ಅವನಿಗೂ ಭಾಳ ಅಂಜಿಕಿ ಆಗಿತ್ತಂತ" ಎಂದೆ.

ಇವರು ಇಡ್ಲಿ ಮುರಿಯುವುದನ್ನು ನಿಲ್ಲಿಸಿದರು. "ದವಾಖಾನಿಗೆ ಕುದುರಿ ಯಾವಾಗ ಬಂದಿತ್ತು?"

ಚಟ್ನಿ ತರಲು ಒಳಗೆ ಹೋದೆ. ಚಟ್ನಿ ಮೇಜಿನ ಮೇಲೇ ಇತ್ತು.

ಫೆಬ್ರವರಿ 15, ಶನಿವಾರ

ಟ್ರಯಲ್ ಮುಗಿಯಿತು. ನಾನು ವಾದಕ್ಕೆ ಏಳು ಅಂಶ ಬರೆದುಕೊಂಡು ಹೋಗಿದ್ದೆ. ವನಿತಾ ಒಂದಕ್ಕೂ ಅವಕಾಶ ಕೊಡಲಿಲ್ಲ.

"ಮೇಡಮ್, ಸಾಹೇಬ್‌ನ ನಾನು ಎಲ್ಲೂ ಬಿಡಲ್ಲ. ಈ ವಾರ ಪೂರ್ತ ಶೋ ನಡೀತಲ್ಲ, ಹೆದರೋ ಕುದ್ರೆಗಳನ್ನೆಲ್ಲ ಅವನ ಪಕ್ಕ ಕಟ್ಟಿದ್ದೆ. ಒಂದೂ ಗಲಾಟೆ ಮಾಡ್ಲಿಲ್ಲ. ಅವನಿಗೆ ಮಧ್ಯದ ದೊಡ್ಡ ಜಾಗ ಕೊಡ್ತೀನಿ."

"ತಂಗೆವ್ವ?"

ವನಿತಾ ತಲೆ ಕೆರೆದುಕೊಂಡರು. "ನೀವು ದಿನಾ ಬರ್ತೀರಾ?"

"ಮಳೆ ಬಂದರೂ ಬರ್ತೀನಿ."

"ಹಾಗಾದ್ರೆ ಅವಳೂ ಇರಲಿ. ಆದ್ರೆ ಬುಧವಾರ ಹೊಸ ಬ್ಯಾಚ್ ಬರುತ್ತೆ. ಆ ವಾಯ್ಸ್‌ನಲ್ಲಿ ಅವರಿಗೂ ಒಂದು ಸಲ 'ನೆಟ್ಟಗೆ ಕೂತ್ಕೊಳ್ಳಿ' ಅಂತ ಹೇಳ್ಬಿಡಿ ಮೇಡಮ್."

ಏಳು ಅಂಶಗಳನ್ನು ಬರೆದ ಹಾಳೆಯನ್ನು ತಂಗೆವ್ವನಿಗೆ ಕೊಟ್ಟೆ. ಪೂರ್ತಿ ತಿಂದಳು.

ಮಾರ್ಚ್ 16, ರವಿವಾರ

ಡಾಕ್ಟರು ಒಪ್ಪಿದರು. ಇವರನ್ನು ಖಾದರ್ ಬಾಷಾನ ಆಟೋದಲ್ಲಿ ಕೂರಿಸಿಕೊಂಡು ಲಾಯಕ್ಕೆ ಹೋದೆ. ಖಾದರ್ ಬಾಷಾ ಒಂದು ಗುಂಡಿಗೂ ಇಳಿಸದೆ, ಗಾಜಿನ ಪಾತ್ರೆ ಒಯ್ಯುವವನಂತೆ ಓಡಿಸಿದ. ಇವರು ಹೊಸ ಅಂಗಿ ಹಾಕಿದ್ದರು, ಗಡ್ಡ ಬೋಳಿಸಿದ್ದರು. ನನ್ನನ್ನು ನೋಡಲು ಬಂದ ದಿನ ಇಷ್ಟು ಚೊಕ್ಕಟವಾಗಿ ಬಂದಿರಲಿಲ್ಲ.

ಊರುಗೋಲು ಊರಿ ಬಾಗಿಲಲ್ಲಿ ನಿಂತು ಕರೆದರು: "ಸಾಹೇಬಾ!"

ಸಾಹೇಬ ಬೆನ್ನು ತಿರುಗಿಸಿ ನಿಂತಿದ್ದ. ಮತ್ತೆ ಕರೆದರು. ಸಿಳ್ಳೆ ಹಾಕಿದರು. "ಇನ್ನೂ ಸಿಟ್ಟಾಗ್ಯಾನ" ಎಂದರು. ಇನ್ನು ಮುಚ್ಚಿಡಲು ಆಗಲಿಲ್ಲ.

"ಸಿಟ್ಟಲ್ಲರಿ. ಅವನಿಗೆ ಕಿವಿ ಕೇಳೂದಿಲ್ಲ. ಐದಾರು ವರ್ಷ ಆಗೈತಂತ."

ಪಿಳ್ಳಣ್ಣ ಕುರ್ಚಿ ತಂದು ಹಾಕಿದ. ಇವರು ಕೂತರು. ಸಾಹೇಬನ ಬೆನ್ನನ್ನೇ ನೋಡಿದರು. ಆಮೇಲೆ, "ಹಂಗಾದ್ರ ಇಷ್ಟು ವರ್ಷ ನಾ ಹೇಳಿದ್ದೆಲ್ಲಾ..." ಎಂದರು.

"ಏನೂ ಕೇಳಿಲ್ಲ."

"ಎಲ್ಲಾ ಕೇಳಿದಾಂವನಂಗ ಗೋಣು ಹಾಕ್ತಿದ್ನಲ್ಲ!"

"ನೊಣ ಇದ್ದಾವು" ಎಂದೆ. ಪಾಪ ಅನಿಸಿತು. "ಇನ್ನ ಮ್ಯಾಲೆ ಕಿವಿ ಇದ್ದವ್ರ ಜೋಡಿ ಮಾತಾಡ್ರಿ" ಎಂದೆ.

ಇವರು ನನ್ನನ್ನು ನೋಡಿದರು. ಮೊದಲು ತುಟಿ ಅಲುಗಿತು, ಆಮೇಲೆ ಹೊಟ್ಟೆ, ಆಮೇಲೆ ಕುರ್ಚಿಯೇ ಅಲುಗಿತು. ಹೊಲಿಗೆ ಹಾಕಿದ ಜಾಗ ಹಿಡಿದುಕೊಂಡು ನಕ್ಕರು. ಪಿಳ್ಳಣ್ಣನಿಗೆ ಅರ್ಥವಾಗದಿದ್ದರೂ ನಕ್ಕ. ಸಾಹೇಬನ ಪಟ್ಟಿ ಹಿಡಿದು ಇವರ ಕಡೆ ತಿರುಗಿಸಿದೆ. ಇವರನ್ನು ಕಂಡದ್ದೇ ತಡ, ಒಂದು ಹೆಜ್ಜೆ ಮುಂದೆ ಬಂದು ಇವರ ಹೊಸ ಅಂಗಿಯ ಮೇಲೆ ಮುಖ ಇಟ್ಟು ನಿಂತುಬಿಟ್ಟ. ಇಬ್ಬರೂ ಅಲ್ಲಾಡಲಿಲ್ಲ. ನಾನು ತಂಗೆವ್ವನ ಕೆಲಸಕ್ಕೆ ಹೋದೆ.

ಅವಳ ಗೊರಸು ಎತ್ತಿ ಕೆಸರು ತೆಗೆಯುತ್ತಿದ್ದಾಗ ಹಿಂದಿನಿಂದ ಇವರ ದನಿ: "ಎಡಗೈಯಿಂದ ಹಿಡೀಬೇಕು."

"ಆಕಿಗೆ ಬಲಗೈ ರೂಢಿ ಆಗೈತಿ. ನಡುವ ಮಾತಾಡಿ ಗಲಿಬಿಲಿ ಮಾಡಬ್ಯಾಡ್ರಿ."

ನಾನು ಗೊರಸು ಕೆಳಗಿಳಿಸಿದ ಮೇಲೆ ಇವರು: "ಗಂಗಾ, ನೀ ಕುದುರಿಗಿ ಭಾಳ ಅಂಜ್ತಿದ್ದಿ."

"ಯಾರು, ನಾನೇ?"

ಈಗ ಹಿಂದಿನ ಪುಟಗಳನ್ನೆಲ್ಲ ತಿರುವಿ ನೋಡಿದೆ. ಹಾಗೆಂದು ನಾನು ಎಲ್ಲೂ ಬರೆದಿಲ್ಲ.

ಮಲಗುವ ಮುಂಚೆ ಇವರು ಊರುಗೋಲನ್ನು ಹಾಸಿಗೆಯ ಪಕ್ಕ ಒರಗಿಸಿ, ಸೀಲಿಂಗ್ ನೋಡುತ್ತ ಕೇಳಿದರು: "ನಾಳೆ ಮುಂಜಾನಿ ನನ್ನೂ ಕರಕೊಂಡು ಹೋಗ್ತೀಯೇನ?"

"ಐದಕ್ಕ ಏಳಬೇಕು" ಎಂದೆ. "ತಡ ಮಾಡಿದ್ರ ನಾವು ಕಾಯೂದಿಲ್ಲ."